ಶಾಲೆಯ ಕೃಷಿ ಸಂಘ ಸೀಗಿ ಹುಣ್ಣಿಮೆ ದಾಟಬೇಕಾದರೆ

ಜೂನ್ ತಿಂಗಳ ಮೊದಲ ವಾರದಲ್ಲಿ ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಯಾವ ಶಾಲೆಗೆ ಹೋದರೂ ಕಾಣುವ ನೋಟ ಒಂದೇ. ಅಂಗಳದಲ್ಲಿ ಗುಣಿಗಳು ಸಿದ್ಧವಾಗಿರುತ್ತವೆ. ಅರಣ್ಯ ಇಲಾಖೆಯ ಸಸಿಗಳು ಬಂದಿರುತ್ತವೆ. ಮಕ್ಕಳು ಸಾಲಾಗಿ ನಿಂತು ಮಣ್ಣು ಮುಚ್ಚುತ್ತಾರೆ, ಹಿರಿಯರು ನೀರು ಹಾಕುತ್ತಾರೆ, ಕೃಷಿ ಸಂಘಕ್ಕೆ ಅಧ್ಯಕ್ಷ, ಕಾರ್ಯದರ್ಶಿಗಳ ಆಯ್ಕೆಯಾಗುತ್ತದೆ. ಹೆಸರು ಕೊಟ್ಟ ಮಕ್ಕಳು ಐವತ್ತಕ್ಕೆ ಕಡಿಮೆ ಇಲ್ಲ. ನಾಗರ ಪಂಚಮಿಯ ಹೊತ್ತಿಗೆ ಅವರಲ್ಲಿ ಇಪ್ಪತ್ತು ಜನ ಉಳಿದಿರುತ್ತಾರೆ. ದಸರಾ ರಜೆ ಮುಗಿಸಿ ಬಂದಾಗ ಸಂಘವೆಂಬುದು ಗೋಡೆಯ ಮೇಲಿನ ಹೆಸರಷ್ಟೇ. ಸೀಗಿ ಹುಣ್ಣಿಮೆಗೆ ಊರವರೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಶಾಲೆಯ ತೋಟದಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿರುತ್ತದೆ.

ಇದಕ್ಕೆ ಮಕ್ಕಳ ಚಂಚಲ ಬುದ್ಧಿಯೇ ಕಾರಣವೆಂದು ಹೇಳುವುದು ರೂಢಿ. ಆ ಮಾತು ಪೂರ್ತಿ ಸರಿಯಲ್ಲ. ಹಬ್ಬಕ್ಕೆ ಆಡಿನ ಮರಿಯೊಂದನ್ನು ಕೊಡಿಸಿ ನೋಡಿ. ಅದೇ ಚಂಚಲ ಹುಡುಗ ವರ್ಷವಿಡೀ ಅದರ ಹಿಂದೆ ತಿರುಗುತ್ತಾನೆ. ಸಂಘದಲ್ಲಿ ಅವನನ್ನು ಹಿಡಿದು ನಿಲ್ಲಿಸುವಂಥದು ಇಲ್ಲದಿರುವುದೇ ತೊಂದರೆ.

ಒಕ್ಕಲಿಗನ ಮಗನಿಗೆ ಕಳೆ ಹೊಸದಲ್ಲ

ಪೇಟೆಯ ಮಗುವಿಗೆ ಬೀಜ ಮೊಳೆಯುವುದೇ ಒಂದು ಅಚ್ಚರಿ. ನಮ್ಮ ಮಕ್ಕಳಿಗೆ ಹಾಗಲ್ಲ. ಬೆಳಿಗ್ಗೆ ಎಮ್ಮೆಗೆ ಮೇವು ಹಾಕಿ, ಸೂಟಿಯ ದಿನ ಹೆಸರು ಬಿಡಿಸಿ ಬಂದ ಹುಡುಗಿಗೆ ಶಾಲೆಯಲ್ಲೂ ಕಳೆ ಕೀಳಲು ಹೇಳಿದರೆ ಅವಳು ಮನಸ್ಸಿನಲ್ಲಿ ಕೇಳುವ ಪ್ರಶ್ನೆ ಒಂದೇ: “ನಮ್ಮ ಹೊಲದಾಗ ಮಾಡೂ ಕೆಲಸ ಇಲ್ಲೂ ಮಾಡಬೇಕೇನ್ರಿ?” ಇದಕ್ಕೆ ಉತ್ತರವಿಲ್ಲದ ಸಂಘ ಉಳಿಯುವುದಿಲ್ಲ.

ನಾನು ಓದಿದ ಶಾಲೆಯ ಹೆಸರು ಬೇಡ. ಅಲ್ಲಿ ಮಗ್ಗಿ ತಪ್ಪಿದವನಿಗೆ ತೋಟದ ಕಳೆ ಕೀಳುವ ಶಿಕ್ಷೆ. ಸರಿಯಾಗಿ ಹೇಳಿದವನಿಗೆ ನೆರಳಿನಲ್ಲಿ ಕೂಡುವ ಭಾಗ್ಯ. ಒಕ್ಕಲುತನವೆಂದರೆ ದಡ್ಡರ ಪಾಲಿನ ಕೆಲಸವೆಂದು ಒಕ್ಕಲಿಗರ ಮಕ್ಕಳಾದ ನಾವೇ ಕಲಿತದ್ದು ಆ ತೋಟದಲ್ಲಿ. ಬೆಳೆದ ಬದನೆಕಾಯಿ ಯಾರ ಮನೆಗೆ ಹೋಯಿತೆಂಬುದೂ ನಮಗೆ ಗೊತ್ತಾಗುತ್ತಿರಲಿಲ್ಲ.

ಶಾಲೆಗೆ ಕೃಷಿಯನ್ನು ತರುವ ವಿಚಾರ ಇಂದಿನದೇನೂ ಅಲ್ಲ. 1937ರ ಅಕ್ಟೋಬರ್‌ನಲ್ಲಿ ವರ್ಧಾದಲ್ಲಿ ಗಾಂಧೀಜಿಯವರು ಮೂಲ ಶಿಕ್ಷಣದ ಯೋಜನೆಯನ್ನು ಮುಂದಿಟ್ಟಾಗ ನೂಲುವುದರ ಜೊತೆಗೆ ಬೇಸಾಯಕ್ಕೂ ಅದರಲ್ಲಿ ಸ್ಥಾನವಿತ್ತು. ನಮ್ಮ ಭಾಗ ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲೂ ಅದು ಕೆಲಕಾಲ ನಡೆಯಿತು. ಮುಂದೆ ಕಾರ್ಯಾನುಭವ ಬಂತು, ಸಮಾಜೋಪಯೋಗಿ ಉತ್ಪಾದಕ ಕಾರ್ಯ ಬಂತು, 2001-02ರಿಂದ ರಾಷ್ಟ್ರೀಯ ಹಸಿರು ಪಡೆಯ ಇಕೋ ಕ್ಲಬ್‌ಗಳು ಬಂದವು. ಹೆಸರು ಬದಲಾದಂತೆ ದಾಖಲೆ ಪುಸ್ತಕಗಳೂ ಬದಲಾದವು. ಆದರೆ ಭೂಮಿ ಮಾಸ್ತರರದು, ಬೆಳೆ ಶಾಲೆಯದು, ದುಡಿಮೆ ಮಾತ್ರ ಮಕ್ಕಳದು ಎಂಬ ಪದ್ಧತಿ ಬಹಳ ಕಡೆ ಹಾಗೆಯೇ ಉಳಿಯಿತು.

ಅಮೆರಿಕೆಯ ಓಹಾಯೋ ಸಂಸ್ಥಾನದಲ್ಲಿ 1902ರಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾ ಮೇಲ್ವಿಚಾರಕರು ಹಳ್ಳಿಯ ಹುಡುಗ ಹುಡುಗಿಯರ ಒಂದು ಸಂಘ ಕಟ್ಟಿದರು. ಇಂದು ಜಗತ್ತಿನ ಹಲವು ದೇಶಗಳಲ್ಲಿರುವ ಫೋರ್-ಎಚ್ ಸಂಘಗಳ ಬೇರು ಅದೇ. ಆ ಮಕ್ಕಳಿಗೂ ಗೋವಿನ ಜೋಳದ ಬೇಸಾಯ ಹೊಸದಾಗಿರಲಿಲ್ಲ. ಅವರು ಮಾಡಿದ್ದು ಬೀಜದ ಆಯ್ಕೆ, ಮಣ್ಣಿನ ಪರೀಕ್ಷೆ, ತಮ್ಮದೇ ಆದ ತುಂಡು ನೆಲದಲ್ಲಿ ಬೆಳೆದು ಲೆಕ್ಕ ಇಡುವುದು. ಅಪ್ಪ ಮಾಡದೇ ಇದ್ದದ್ದನ್ನು ಅವರು ಮಾಡಿದರು. ನಮಗೆ ಬೇಕಾದ ಪಾಠ ಇಷ್ಟೇ. ಸಂಘದ ತುಂಡು ಹೊಲದಲ್ಲಿ ಬೆಳೆಗಿಂತ ಮೊದಲು ಒಂದು ಪ್ರಶ್ನೆಯನ್ನು ಬಿತ್ತಬೇಕು, ಅದು ಊರಿಗೂ ಬೇಕಾದ ಪ್ರಶ್ನೆಯಾಗಿರಬೇಕು.

ಎರಡು ಗುಂಟೆಯ ಪ್ರಶ್ನೆ

ಎರಿ ಸೀಮೆಯಲ್ಲಿ ಅಂಥ ಪ್ರಶ್ನೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ನಮ್ಮಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಆಸುಪಾಸು, ಅದೂ ಒಂದೇ ಸಮನೆ ಬೀಳುವುದಿಲ್ಲ. ಹಿಂಗಾರಿ ಜೋಳ, ಕಡಲೆಗಳು ಬೆಳೆಯುವುದು ಬಿತ್ತಿದ ಮೇಲೆ ಬರುವ ಮಳೆಗಿಂತ ಹೆಚ್ಚಾಗಿ ನೆಲ ಮೊದಲೇ ಕುಡಿದಿಟ್ಟ ನೀರಿನ ಮೇಲೆ. ಹಾಗಿದ್ದಲ್ಲಿ ಮುಂಗಾರಿಯಲ್ಲಿ ಚೌಕಮಡಿ ಮಾಡಿ ನೀರು ನಿಲ್ಲಿಸಿದ ಹೊಲಕ್ಕೂ ಬರೇ ಹರಗಿ ಬಿಟ್ಟ ಹೊಲಕ್ಕೂ ಎಷ್ಟು ಅಂತರ? ಚೌಕಮಡಿಯ ಶಿಫಾರಸು ಎಲ್ಲರಿಗೂ ಗೊತ್ತು, ಮಾಡುವವರು ಕಡಿಮೆ. ಈ ಪ್ರಶ್ನೆಯನ್ನು ಮಕ್ಕಳ ಕೈಗೆ ಕೊಡಿ. ಇದರಲ್ಲಿ ದೊಡ್ಡ ಅನುಕೂಲವೊಂದಿದೆ. ಪ್ರಶ್ನೆ ಹುಟ್ಟುವುದು ಜೂನ್‌ನಲ್ಲಿ, ಉತ್ತರ ಸಿಕ್ಕುವುದು ಫೆಬ್ರುವರಿಯಲ್ಲಿ. ಶಾಲೆಯ ವರ್ಷವೂ ಹೆಚ್ಚುಕಡಿಮೆ ಅಷ್ಟೇ.

ಶಾಲೆಯಲ್ಲಿ ಜಾಗವಿಲ್ಲದಿದ್ದರೆ ಶಾಲೆಗೆ ಹತ್ತಿದ ಹೊಲದವರು ಎರಡು ಗುಂಟೆ ಬಿಟ್ಟುಕೊಡಬೇಕು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಅದರಲ್ಲಿ 11 ಅಡಿಯ 9 ಚೌಕಗಳು ಸರಿಯಾಗಿ ಕೂಡುತ್ತವೆ. ಸುತ್ತ ಅರ್ಧ ಅಡಿ ಎತ್ತರದ ಬದು. ಒಂದೊಂದು ಚೌಕಕ್ಕೆ ಮೂವರು ಮಕ್ಕಳಂತೆ 27 ಮಕ್ಕಳಿಗೆ ಆಯಿತು. ಚೌಕದ ಮೂಲೆಗೆ ಅವರ ಹೆಸರಿನ ಹಲಗೆ ನೆಡಲಿ. ಪಕ್ಕದ ಗುಂಟೆಯನ್ನು ಊರಿನ ರೂಢಿಯಂತೆ ಹರಗಿ ಬಿಡಬೇಕು. ಅದರಲ್ಲೂ ಗೆರೆ ಹಾಕಿ ಅದೇ ಮೂವರಿಗೆ ಅಷ್ಟೇ ಜಾಗ ಗುರುತಿಸಬೇಕು. ಇಲ್ಲವಾದರೆ ಚೌಕಮಡಿಯವರು, ಬರೇ ಹೊಲದವರು ಎಂದು ಎರಡು ಪಕ್ಷಗಳಾಗಿ, ಕಳೆ ಕೀಳುವುದರಲ್ಲೇ ಮೋಸ ಸುರುವಾದೀತು. ಎರಡೂ ಗುಂಟೆಗೆ ಒಂದೇ ಬೀಜ, ಒಂದೇ ಗೊಬ್ಬರ, ಒಂದೇ ದಿನದ ಬಿತ್ತಿಗೆ ಇರಬೇಕೆಂಬುದನ್ನು ಹೇಳಬೇಕಾಗಿಲ್ಲ.

ಇನ್ನು ಮಳೆಯ ಅಳತೆ. ನೆಟ್ಟಗಿನ ಗೋಡೆಯ, ಬಾಯಿ ಮತ್ತು ತಳ ಒಂದೇ ಅಗಲವಿರುವ ಡಬ್ಬಿಯೊಂದನ್ನು ಗಿಡದ ನೆರಳು, ಮಾಳಿಗೆಯ ಅಂಚು ಇಲ್ಲದ ಬಯಲಿನಲ್ಲಿ ಅಲುಗದಂತೆ ಕೂಡಿಸಿ, ಪ್ರತಿದಿನ ಮುಂಜಾನೆ ಅದರಲ್ಲಿ ನಿಂತ ನೀರನ್ನು ಪಟ್ಟಿಯಿಂದ ಮಿಲಿಮೀಟರಿನಲ್ಲಿ ಅಳೆದು ಚೆಲ್ಲಬೇಕು. ಬರೆಯುವಾಗ ಇಸವಿ, ತಾರೀಖಿನ ಜೊತೆಗೆ ಮಳೆಯ ಹೆಸರೂ ಇರಲಿ: ಮಿರಗ, ಆರಿದ್ರಾ, ಪುಷ್ಯ, ಮಗಿ, ಉತ್ತರಿ. ಈ ಹೆಸರುಗಳನ್ನು ತಿಳಿಯಲು ಮಗು ಅಜ್ಜನನ್ನು ಕೇಳಬೇಕಾಗುತ್ತದೆ. ಅಜ್ಜ ಆ ಮಳೆಯ ಮಾತನ್ನೂ ಹೇಳುತ್ತಾನೆ. ಮಾತು ನಿಜವಾಯಿತೋ ಸುಳ್ಳಾಯಿತೋ ಡಬ್ಬಿ ಹೇಳುತ್ತದೆ. 2.5 ಮಿ.ಮೀ.ಗಿಂತ ಕಡಿಮೆ ಬಿದ್ದ ದಿನವನ್ನು ಹವಾಮಾನ ಇಲಾಖೆ ಮಳೆಯ ದಿನವೆಂದು ಎಣಿಸುವುದಿಲ್ಲವೆಂಬ ಸಂಗತಿ ಮಕ್ಕಳಿಗೆ ಬಹಳ ಸೇರುತ್ತದೆ. “ಇವತ್ತ ಮಳಿ ಆಗೇ ಇಲ್ಲ” ಎಂದು ತೊಯ್ದ ಅಂಗಿಯಲ್ಲೇ ವಾದ ಮಾಡುತ್ತಾರೆ.

ದೊಡ್ಡ ಮಳೆಯಾದ ಎರಡು ಮೂರು ದಿನಗಳ ಮೇಲೆ ಮೊನಚಾದ ಕಬ್ಬಿಣದ ಸರಳನ್ನು ಎರಡೂ ಗುಂಟೆಯಲ್ಲಿ ಒತ್ತಿ ನೋಡಬೇಕು. ಹಸಿ ಇರುವವರೆಗೆ ಸರಳು ಇಳಿಯುತ್ತದೆ, ಒಣ ನೆಲ ತಾಗಿದಲ್ಲಿ ನಿಲ್ಲುತ್ತದೆ. ಎಷ್ಟು ಇಂಚು ಇಳಿಯಿತೆಂದು ಬರೆದಿಡಲು ಐದು ನಿಮಿಷ ಸಾಕು. ಆದರೆ ಆ ಐದು ನಿಮಿಷಕ್ಕಾಗಿ ಮಕ್ಕಳು ಮಳೆಯನ್ನು ಕಾಯುತ್ತಾರೆ. ಚೌಕದಲ್ಲಿ ನೀರು ದಿನಗಟ್ಟಲೆ ನಿಂತರೆ ಬದು ಕಡಿದು ಬಿಡಬೇಕೆಂಬ ಎಚ್ಚರವೂ ಇರಲಿ.

ಬೇಗ ಕೈಗೆ ಬರುವ ಬೆಳೆಯೊಂದು ಬೇಕು

ಫೆಬ್ರುವರಿಯವರೆಗೆ ಕಾಯಿರಿ ಎಂದರೆ ಹದಿಮೂರು ವರ್ಷದ ಮಗು ಕಾಯಲಾರದು. ಆದುದರಿಂದ ಶಾಲೆಯ ಅಂಗಳದಲ್ಲಿ ಬೇರೊಂದು ಗುಂಟೆಯಲ್ಲಿ ಹೆಸರು ಬಿತ್ತಬೇಕು. ಎಕರೆಗೆ 5ರಿಂದ 6 ಕಿಲೋದ ಲೆಕ್ಕದಲ್ಲಿ ಗುಂಟೆಗೆ 125ರಿಂದ 150 ಗ್ರಾಂ ಬೀಜ ಸಾಕು. 65-70 ದಿನಗಳಲ್ಲಿ ಕಾಯಿ ಕೈಗೆ ಬರುತ್ತದೆ. ಪಂಚಮಿಯ ನಂತರ ಉತ್ಸಾಹ ಇಳಿಯುವ ಹೊತ್ತಿಗೆ ಸರಿಯಾಗಿ ಮೊದಲ ಫಲ ಕಾಣುತ್ತದೆ.

ಜೂನ್‌ನಲ್ಲೇ ಇನ್ನೊಂದು ಕೆಲಸ ಕೈಗೆತ್ತಿಕೊಳ್ಳಬೇಕು. ಬೇವಿನ ಹಣ್ಣು ಉದುರುವ ಕಾಲವದು. ತಿರುಳು ತೆಗೆದು ತೊಳೆದು ನೆರಳಿನಲ್ಲಿ ಒಣಗಿಸಿದ ಬೀಜವನ್ನು ಗಾಳಿಯಾಡುವ ಅರಿವೆ ಚೀಲದಲ್ಲಿ ಕಟ್ಟಿಟ್ಟರೆ ಡಿಸೆಂಬರಿನಲ್ಲಿ ಕಡಲೆಗೆ ಕಾಯಿ ಕೊರಕ ಬಿದ್ದಾಗ ಕಷಾಯಕ್ಕೆ ಆಗುತ್ತದೆ. ಲೀಟರ್ ನೀರಿಗೆ 50 ಗ್ರಾಂ ಬೀಜದ ಪುಡಿ, ಒಂದು ರಾತ್ರಿ ನೆನೆಹಾಕಿ ಸೋಸಿ, ಚೂರು ಸೋಪು ಕದಡಿದರೆ ಶೇಕಡಾ 5ರ ಕಷಾಯ. ಹೀಗೆ ಒಂದು ಹಂಗಾಮಿನ ಕೆಲಸ ಮುಂದಿನ ಹಂಗಾಮಿನಲ್ಲಿ ಬೇಕಾಗಬೇಕು. ತಾನು ಕೂಡಿಟ್ಟ ಚೀಲ ಏನಾಯಿತೆಂದು ನೋಡಲಿಕ್ಕಾದರೂ ಮಗು ಸಂಘದಲ್ಲಿ ಉಳಿಯುತ್ತದೆ.

ಆದರೆ ಊರೂ ಶಾಲೆಯೂ ಒಂದನ್ನೊಂದು ಬೇಕೆನ್ನುವ ಕೆಲಸವೆಂದರೆ ಸೆಪ್ಟೆಂಬರ್ ಮೊದಲ ವಾರದ್ದು: ಮೊಳಕೆ ಪರೀಕ್ಷೆ. ಪ್ರತಿ ಮಗು ತನ್ನ ಮನೆಯಲ್ಲಿ ಹಿಂಗಾರಿಗೆ ಇಟ್ಟ ಬೀಜದಿಂದ ಒಂದು ಹಿಡಿ ತರಲಿ. ಆರಿಸದೆ 100 ಕಾಳು ಎಣಿಸಿ, ತೊಯ್ದ ಗೋಣಿ ತಟ್ಟಿನಲ್ಲಿ ಹತ್ತು ಸಾಲಾಗಿ ಹರಡಿ, ಸುತ್ತಿ, ಹಸಿ ಆರದಂತೆ ನೆರಳಿನಲ್ಲಿ ಇಡಬೇಕು. ಕಡಲೆಯನ್ನು 8ನೇ ದಿನ, ಜೋಳವನ್ನು 10ನೇ ದಿನ ಎಣಿಸಿ ಮುಗಿಸಬೇಕು. ಪ್ರಮಾಣಿತ ಬೀಜದಲ್ಲಿ ಜೋಳಕ್ಕೆ ಕನಿಷ್ಠ ಶೇಕಡಾ 75, ಕಡಲೆಗೆ ಶೇಕಡಾ 85 ಮೊಳಕೆ ಇರಬೇಕೆಂಬುದು ನಿಯಮ. “ಅಪ್ಪಾ, ನಮ್ಮ ಕಡ್ಲಿ ನೂರಕ್ಕ ಅರವತ್ತೇ ಹುಟ್ಯಾವು” ಎಂದು ಮಗಳು ಬಂದು ಹೇಳಿದ ದಿನ ಆ ಮನೆಯಲ್ಲಿ ಕೃಷಿ ಸಂಘಕ್ಕೆ ಬೆಲೆ ಬರುತ್ತದೆ. ಕೂರಿಗೆ ಹೂಡುವ ಮುಂಚೆ ಬೀಜ ಬದಲಿಸಲು ಇನ್ನೂ ಸಮಯವಿರುತ್ತದೆ. ಮರುವರ್ಷ ಮಗು ಬಿಟ್ಟರೂ ಅಪ್ಪ ಬಿಡುವುದಿಲ್ಲ.

ದಸರಾ ರಜೆಯೆಂಬ ಹಳ್ಳ

ಎಷ್ಟೋ ಸಂಘಗಳು ಕೊಚ್ಚಿಹೋಗುವುದು ಇಲ್ಲಿ. ಅಕ್ಟೋಬರಿನ ಮೊದಲ ಹದಿನೈದು ಇಪ್ಪತ್ತು ದಿನ ಶಾಲೆಗೆ ರಜೆ. ಉತ್ತರಿ, ಹಸ್ತ ಮಳೆಗಳ ಮೇಲೆ ಹಿಂಗಾರಿ ಬಿತ್ತಿಗೆಯ ಭರವೂ ಆಗಲೇ. ಶಾಲೆಯ ತುಂಡು ಹೊಲಕ್ಕೆ ಯಾರೂ ಇರುವುದಿಲ್ಲ. ಆದುದರಿಂದ ಮಳೆ ಹದ ಕೊಟ್ಟರೆ ಸೆಪ್ಟೆಂಬರ್ ಕೊನೆಯ ವಾರದಲ್ಲೇ, ರಜೆಗೆ ಮುಂಚೆ, ಬದು ಒಡೆದು ಹರಗಿ ಎರಡೂ ಗುಂಟೆಗೆ ಜೋಳ ಬಿತ್ತಿಬಿಡುವುದು ಲೇಸು. ಎಂ 35-1 ಆದರೆ ಗುಂಟೆಗೆ 75 ಗ್ರಾಂ ಬೀಜ ಸಾಕು. ಸಾಲಿನಿಂದ ಸಾಲಿಗೆ 45 ಸೆಂ.ಮೀ., ಗಿಡದಿಂದ ಗಿಡಕ್ಕೆ 15 ಸೆಂ.ಮೀ. ಇಟ್ಟರೆ ಗುಂಟೆಯಲ್ಲಿ ಸುಮಾರು 1,500 ಗಿಡ ನಿಲ್ಲುತ್ತವೆ. ನೆಲ ಹದಕ್ಕೆ ಬರದಿದ್ದರೆ ರಜೆಯಲ್ಲೇ ಬಿತ್ತಬೇಕಾದೀತು. ಆಗ ಎತ್ತು, ಕೂರಿಗೆ ತರುವವರು ತಾವೇ, ರೈತ ಬಾಂಧವರೇ. ತಮ್ಮ ಹೊಲದ ಬಿತ್ತಿಗೆಯ ನಡುವೆ ಅರ್ಧ ಗಂಟೆ ಅಷ್ಟೆ.

ರಜೆಯಲ್ಲಿ ಎಲ್ಲ ಮಕ್ಕಳನ್ನೂ ಕರೆಯಬಾರದು. ಶಾಲೆಯ ಓಣಿಯಲ್ಲೇ ಇರುವ ನಾಲ್ಕು ಮಕ್ಕಳಿಗೆ ಐದೈದು ದಿನದ ಪಾಳಿ ಹಚ್ಚಿದರೆ ಆಯಿತು. ಮೊಳಕೆ ಮೇಲೆದ್ದ ದಿನ, ಸುಳಿ ಒಣಗಿದ ಗಿಡಗಳ ಎಣಿಕೆ, ಮಳೆ ಬಿದ್ದರೆ ಅದರ ಅಳತೆ, ಇಷ್ಟು ಬರೆದರೆ ಸಾಕು. ಸೀಗಿ ಹುಣ್ಣಿಮೆಯ ದಿನ ಊರಿನವರು ಚರಗ ಚೆಲ್ಲಲು ಹೊರಟಾಗ ಶಾಲೆಯ ಹೊಲಕ್ಕೂ ಒಂದು ಬುಟ್ಟಿ ಬರಲಿ. ಅಂದು ಕರೆಯದೆಯೇ ಎಲ್ಲ ಮಕ್ಕಳೂ ಬರುತ್ತಾರೆ.

ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಸಂಘಕ್ಕೆ ಕೆಲಸ ಕಡಿಮೆ. ಎಳ್ಳ ಅಮಾವಾಸ್ಯೆ ಬರುವವರೆಗೂ ಜೋಳದ ಹೊಲದಲ್ಲಿ ನೋಡುವಂಥದು ಹೆಚ್ಚಿಲ್ಲ. ಅಕ್ಕಪಕ್ಕದ ಕಡಲೆ ಹೊಲದವರು ಒಪ್ಪಿದರೆ ಎರಡು ಮೋಹಕ ಬಲೆ ಕಟ್ಟಿಸಿ, ದಿನಾ ಬಿದ್ದ ಪತಂಗಗಳನ್ನು ಎಣಿಸಿ ಪಂಚಾಯತಿಯ ಹಲಗೆಯ ಮೇಲೆ ಬರೆಯುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಬಹುದು. ಪತಂಗ ಹೆಚ್ಚಿದೊಡನೆ ಊರವರು ತಮ್ಮ ಹೊಲದ ಸಾಲುಗಳನ್ನು ನೋಡಿಕೊಳ್ಳಲಿ. ಅಣ್ಣಿಗೇರಿ ಸಂಶೋಧನಾ ಕೇಂದ್ರದಿಂದ 1978ರಲ್ಲಿ ಹೊರಬಂದ ಅಣ್ಣಿಗೇರಿ-1 ಮತ್ತು ಈಚೆಗೆ ಹಬ್ಬಿದ ಜೆ.ಜಿ.-11, ಈ ಎರಡನ್ನೂ ಅಂಗಳದ ಹೆಸರು ಬೆಳೆದ ಗುಂಟೆಯಲ್ಲಿ ಅರ್ಧರ್ಧ ಬಿತ್ತಿದರೆ ಹೋಲಿಸಿ ನೋಡಲು ಇನ್ನೊಂದು ವಸ್ತು ಸಿಕ್ಕಿತು.

ಜನವರಿಯಲ್ಲಿ ಜೋಳ ಹಾಲುಗಾಳಾದಾಗ ಹಕ್ಕಿ ಕಾಯಬೇಕು. ಸೀತನಿ ಸುಡುವ ದಿನವೂ ಅದೇ. ಅಂದು ತಾಯಂದಿರನ್ನೂ ಅಜ್ಜಂದಿರನ್ನೂ ಶಾಲೆಗೆ ಕರೆಯಿರಿ. ಮಳೆಯ ಪುಸ್ತಕವನ್ನು ಮಕ್ಕಳೇ ಓದಿ ಹೇಳಲಿ.

ಫೆಬ್ರುವರಿಯಲ್ಲಿ ಕೊಯ್ಲು. ಎರಡೂ ಗುಂಟೆಯ ತೆನೆಗಳನ್ನು ಬೇರೆ ಬೇರೆ ಬಡಿದು, ತೂರಿ, ತೂಗಬೇಕು. 40 ಗುಂಟೆಗೆ ಒಂದು ಎಕರೆಯಾದ್ದರಿಂದ ಗುಂಟೆಯ ಒಂದೊಂದು ಕಿಲೋ ಎಕರೆಗೆ 40 ಕಿಲೋ ಆಗುತ್ತದೆ. ಗುಂಟೆಗೆ 12 ಕಿಲೋ ಬಂದರೆ ಎಕರೆಗೆ 4 ಕ್ವಿಂಟಲ್ 80 ಕಿಲೋ. ಸೊಪ್ಪಿಯನ್ನು ತೂಗಲು ಮರೆಯಬಾರದು. ಮಳೆ ಚೆನ್ನಾಗಿ ಆದ ವರ್ಷ ಎರಡು ಗುಂಟೆಗೂ ಅಂತರವೇ ಕಾಣದಿರಬಹುದು. ಆಗ ಅಂಕಿಗಳನ್ನು ತಿದ್ದುವ ಆಸೆ ಮಾಸ್ತರರಿಗೂ ಆದೀತು, ತಿದ್ದಬಾರದು. ಮಳೆಯ ಪುಸ್ತಕವನ್ನೂ ತೂಕದ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ಯಾಕೆ ಹೀಗಾಯಿತೆಂದು ಮಕ್ಕಳನ್ನೇ ಕೇಳಬೇಕು. ಬರಗಾಲದ ವರ್ಷ ಅದೇ ಪ್ರಶ್ನೆಗೆ ಬೇರೆ ಉತ್ತರ ಸಿಕ್ಕೀತು.

ಊರು ಬೇರೆಯಾದರೆ ಪ್ರಶ್ನೆಯೂ ಬೇರೆ

ಮೇಲೆ ಹೇಳಿದ್ದು ರೋಣ ಮತ್ತು ನರಗುಂದದ ಮಳೆಯಾಶ್ರಿತ ಎರಿ ಹೊಲಗಳಿಗೆ. ಮಲಪ್ರಭೆಯ ಕಾಲುವೆ ಮುಟ್ಟಿದ ಊರುಗಳಲ್ಲಿ ಚೌಕಮಡಿಯ ಪ್ರಶ್ನೆಗೆ ಅರ್ಥವಿಲ್ಲ. ಅಲ್ಲಿ ಸವಳು, ಜವಳಿನ ಚಿಂತೆ. ಬೇರೆ ಬೇರೆ ಹೊಲಗಳ ಮಣ್ಣನ್ನು ಡಬ್ಬಿಗಳಲ್ಲಿ ತುಂಬಿ ಒಂದೊಂದರಲ್ಲಿ 20 ಕಾಳು ಬಿತ್ತಿದರೆ ಯಾವ ಹೊಲ ಕೆಡುತ್ತಿದೆ ಎಂಬುದರ ಮೊದಲ ಸುಳಿವು ಸಿಕ್ಕುತ್ತದೆ. ಆಮೇಲೆ ಆ ಮಣ್ಣನ್ನು ಪರೀಕ್ಷಾ ಕೇಂದ್ರಕ್ಕೆ ಕಳಿಸಬೇಕು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ನೀರಿನ ಕರ ಹಾಗೂ ಅಭಿವೃದ್ಧಿ ಕರದ ಹೋರಾಟದಲ್ಲಿ ರೈತರು ಗೋಲಿಬಾರಿಗೆ ಬಲಿಯಾದ ಸಂಗತಿಯನ್ನು ಆ ಮಕ್ಕಳು ಪ್ರತಿವರ್ಷ ಕೇಳುತ್ತಾರೆ. ಕಾಲುವೆಗೆ ನೀರು ಬಂದ ದಿನ, ನಿಂತ ದಿನಗಳನ್ನು ಬರೆದಿಡುವ ಸಂಘ ಅಲ್ಲಿ ಇರುವುದು ಬಹಳ ಸಹಜ. ಬೆಣ್ಣಿಹಳ್ಳದ ದಂಡೆಯ ಊರುಗಳಲ್ಲಿ ಮಳೆಯ ಪುಸ್ತಕದ ಜೊತೆಗೆ ಹಳ್ಳದ ನೀರು ಎಲ್ಲಿಯವರೆಗೆ ಏರಿತ್ತೆಂಬ ಗುರುತೂ ಇರಬೇಕು. 2019ರ ಆಗಸ್ಟ್ ಪ್ರವಾಹವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಗುರುತು ಹಾಕಲು ಮಕ್ಕಳು ನೀರಿನ ಹತ್ತಿರ ಹೋಗಬಾರದು, ನೀರು ಇಳಿದ ಮೇಲೆ ಗೋಡೆ ನೋಡಿ ದೊಡ್ಡವರೊಡನೆ ಹಾಕಬೇಕು.

ಗಜೇಂದ್ರಗಡದ ಗುಡ್ಡದ ಸೆರಗಿನ ಮಸಾರಿ ನೆಲದಲ್ಲಿ ನೀರು ನಿಲ್ಲುವುದಿಲ್ಲ. ಅಲ್ಲಿ ಜೂನ್‌ನಲ್ಲಿ ನೆಟ್ಟ ಸಸಿಗಳನ್ನು ಮುಂದಿನ ಜೂನ್‌ವರೆಗೆ ಉಳಿಸುವುದೇ ಸಂಘದ ಪ್ರಶ್ನೆ. ನೂರು ಸಸಿ ಬೇಡ, ಹತ್ತು ಇರಲಿ. ಬುಡಕ್ಕೆ ತೂತಿನ ಮಡಕೆ ಹೂಳಿದ ಐದು, ಹೂಳದ ಐದು. ಬಿಸಿಯೂಟದ ನಂತರ ತಟ್ಟೆ ತೊಳೆಯುವ ನೀರು ತಟ್ಟೆಗೆ ಅರ್ಧ ಲೀಟರ್ ಎಂದು ಹಿಡಿದರೂ 100 ಮಕ್ಕಳಿಗೆ ದಿನಕ್ಕೆ 50 ಲೀಟರ್ ಆಯಿತು. ಹತ್ತು ಸಸಿಗೆ ಅದು ಧಾರಾಳ. ಬೇಸಿಗೆ ರಜೆಯದೇ ತೊಡಕು. ಬರ ಬಿದ್ದ ವರ್ಷಗಳಲ್ಲಿ ರಜೆಯಲ್ಲೂ ಬಿಸಿಯೂಟ ನಡೆದದ್ದುಂಟು, ಎಲ್ಲ ವರ್ಷವೂ ಅಲ್ಲ. ಊಟವಿಲ್ಲದ ಬೇಸಿಗೆಗೆ ಸಸಿಗೊಂದು ಮನೆಯಂತೆ ಹತ್ತು ಮನೆಗಳು ಏಪ್ರಿಲ್‌ಗೆ ಮೊದಲೇ ಗೊತ್ತಾಗಬೇಕು.

ತಂದೆ ತಾಯಿಗಳಿಗೆ ನಾಲ್ಕು ಮಾತು

ಉಳ್ಳಾಗಡ್ಡಿ ಕೀಳುವಾಗ, ಹತ್ತಿ ಬಿಡಿಸುವಾಗ ಮಕ್ಕಳನ್ನು ಶಾಲೆ ಬಿಡಿಸಿ ಕರೆದೊಯ್ಯುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಗುಳೆ ಹೋಗುವ ಮನೆಗಳ ಮಕ್ಕಳಂತೂ ಚಳಿಗಾಲದಲ್ಲೇ ಕಾಣೆಯಾಗುತ್ತಾರೆ. ಸಂಘದಿಂದ ಗುಳೆ ನಿಲ್ಲುತ್ತದೆಂದು ಹೇಳಿದರೆ ಅದು ಸುಳ್ಳಾದೀತು. ಆದರೆ ತನ್ನ ಹೆಸರಿನ ಚೌಕವಿರುವ ಮಗು ಅಜ್ಜಿಯ ಬಳಿ ಉಳಿಯುತ್ತೇನೆಂದು ಹಟ ಹಿಡಿದರೆ ಆ ಹಟವನ್ನು ತಾವು ಒಂದು ಸಲ ಕೇಳಿಸಿಕೊಳ್ಳಬೇಕು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕೂಲಿಗೆ ಹಚ್ಚುವುದನ್ನು 2016ರ ತಿದ್ದುಪಡಿಯಾದ ಕಾಯಿದೆ ನಿಷೇಧಿಸಿದೆ. ಶಾಲೆಯ ಹೊತ್ತು ಬಿಟ್ಟು ಮನೆಯವರಿಗೆ ಕೈ ಜೋಡಿಸುವುದಕ್ಕಷ್ಟೇ ಅವಕಾಶ.

ಅದೇ ನಿಯಮ ಶಾಲೆಗೂ ಒಪ್ಪುತ್ತದೆ. ಸಂಘದ ಕೆಲಸ ವಾರಕ್ಕೆ ಎರಡು ಪಿರಿಯಡ್ ಮೀರಬಾರದು, ಶಾಲೆಯ ಹೊತ್ತಿನಲ್ಲೇ ನಡೆಯಬೇಕು. ಸಂಜೆ ಇಟ್ಟರೆ ಮನೆಗೆ ನೀರು ತರುವ ಹುಡುಗಿಯರು ತಪ್ಪಿಹೋಗುತ್ತಾರೆ, ಸಂಘ ಗಂಡುಹುಡುಗರದಾಗುತ್ತದೆ. ಕೀಟನಾಶಕದ ಡಬ್ಬಿಯನ್ನು ಮಕ್ಕಳು ಮುಟ್ಟಲೇಬಾರದು. ತೊಳೆದ ಖಾಲಿ ಡಬ್ಬಿಯೂ ಮಳೆ ಅಳೆಯಲು ಬೇಡ. ಹತ್ತನೆಯ ತರಗತಿಯವರನ್ನು ಬಿಟ್ಟು ಎಂಟು, ಒಂಬತ್ತನೆಯವರ ಮೇಲೆ ಸಂಘ ಕಟ್ಟುವುದು ಒಳ್ಳೆಯದು. ಬೆಳೆದುದರ ಲೆಕ್ಕ ಹಲಗೆಯ ಮೇಲೆ ಬರಲಿ: ಇಷ್ಟು ಬಿಸಿಯೂಟಕ್ಕೆ, ಇಷ್ಟು ಮುಂದಿನ ಬೀಜಕ್ಕೆ, ಇಷ್ಟು ಮಕ್ಕಳ ಮನೆಗೆ. ಒಂದು ಬೊಗಸೆ ಜೋಳವಾದರೂ ಮನೆಗೆ ಹೋಗಲೇಬೇಕು. ಆ ಜೋಳದ ರೊಟ್ಟಿ ತಿಂದ ತಂದೆ ಮುಂದಿನ ಸೆಪ್ಟೆಂಬರಿಗೆ ಕೂರಿಗೆ ತಾರದಿರಲಾರ.

ಬೀಜ, ಬಲೆಗಳಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನೂ, ತಜ್ಞರ ಭೇಟಿಗೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರವನ್ನೂ ಕೇಳಬಹುದು. ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಪಾಲಕರೇ ಇರುವುದರಿಂದ ಎರಡು ಗುಂಟೆ ಜಮೀನಿನ ಮಾತು ಅಲ್ಲಿಯೇ ಮೇ ತಿಂಗಳ ಕೊನೆಗೆ ಮುಗಿಯಬೇಕು.

ಮಾರ್ಚ್‌ನಲ್ಲಿ ಪರೀಕ್ಷೆ, ಸಂಘಕ್ಕೆ ಬಿಡುವು. ಶಾಲೆ ಮುಚ್ಚುವ ದಿನ ಒಂಬತ್ತನೆಯವರು ಮಳೆಯ ಪುಸ್ತಕವನ್ನು ಎಂಟನೆಯವರ ಕೈಗೆ ಒಪ್ಪಿಸಬೇಕು. ಡಬ್ಬಿ ಮಾತ್ರ ಅಲ್ಲಿಯೇ ಇರಲಿ. ಅಶ್ವಿನಿ, ಭರಣಿ ಮಳೆಗಳು ಬೀಳುವುದು ರಜೆಯಲ್ಲೇ. ಅವನ್ನು ಅಳೆಯಲು ಶಾಲೆಯ ಓಣಿಯ ಮಗುವೊಂದನ್ನು ಗೊತ್ತುಮಾಡಿ, ಗೇಟಿನ ಕೀಲಿ ಯಾರ ಮನೆಯಲ್ಲಿದೆ ಎಂಬುದನ್ನೂ ಹೇಳಿ ಹೋಗಬೇಕು.